ಅಮೆರಿಕದ ಪ್ರೈವೇಟ್ ಸಿಸ್ಟಮ್ ಒಳ್ಳೇದಾ, ಇಂಗ್ಲೆಂಡಿನ ಸರ್ಕಾರಿ ಸಿಸ್ಟಮ್ ಒಳ್ಳೇದಾ?

ಎರಡೂ ದೇಶದಿಂದ ಆಫರ್ ಇದೆ, ಚಿಕ್ಕ ಮಕ್ಕಳಿದಾರೆ, ಆಸ್ಪತ್ರೆ ವಿಷ್ಯಕ್ಕೆ ಯಾವ ದೇಶ ವಾಸಿ ಅಂತ ಕೇಳಿದೀರ. ನಾನು ನ್ಯೂಜೆರ್ಸೀಲಿ ಕೆಲವು ವರ್ಷ ಇದ್ದು ಈಗ ಇಂಗ್ಲೆಂಡಲ್ಲಿದೀನಿ. ನನ್ನ ಓಟು ಇಂಗ್ಲೆಂಡಿಗೆ.

ಅಮೆರಿಕ ಪೂರ್ತಿ ಪ್ರೈವೇಟ್ ಅಂತ ತುಂಬಾ ಜನ ಅನ್ಕೊಂಡಿದಾರೆ, ಹಂಗೇನಿಲ್ಲ. 65 ದಾಟಿದೋರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಅಂತ 1965ರಿಂದಲೇ ಸರ್ಕಾರದ್ದು ಇದೆ. ಪ್ರೈವೇಟ್ ಇನ್ಶೂರೆನ್ಸ್ ಕೈಗೆ ಸಿಗೋದು ಜಾಸ್ತಿ ಕೆಲಸ ಮಾಡೋ ವಯಸ್ಸಿನೋರು, ವೀಸಾ ಮೇಲೆ ಹೋಗೋ ನಮ್ಮಂಥೋರು. ಆ ಇನ್ಶೂರೆನ್ಸ್ ಜಾಸ್ತಿ ಬರೋದು ಕೆಲ್ಸ ಕೊಟ್ಟ ಕಂಪ್ನಿ ಮೂಲಕ. ಎರಡನೇ ಮಹಾಯುದ್ಧದ ಟೈಮಲ್ಲಿ, 1942ರಲ್ಲಿ, ಸರ್ಕಾರ ಸಂಬಳ ಏರಿಸ್ಬೇಡಿ ಅಂತ ತಡೆ ಹಾಕ್ತು, ಜನ ಸಿಗ್ಬೇಕಲ್ಲ, ಕಂಪ್ನಿಗಳು ಸಂಬಳದ ಬದ್ಲು ಇನ್ಶೂರೆನ್ಸ್ ಕೊಡೋಕೆ ಶುರು ಮಾಡಿದ್ವು, ಆಮೇಲೆ ಅದಕ್ಕೆ ಟ್ಯಾಕ್ಸ್ ವಿನಾಯ್ತಿನೂ ಸೇರ್ಕೊಂಡು ಅದೇ ಗಟ್ಟಿಯಾಗೋಯ್ತು. ಇದ್ರಿಂದ ಏನಾಗುತ್ತೆ ಅಂದ್ರೆ ಕೆಲ್ಸ ಹೋದ್ರೆ ಇನ್ಶೂರೆನ್ಸೂ ಹೋಗುತ್ತೆ. ಕೋಬ್ರಾ ಅನ್ನೋ ಕಾನೂನಲ್ಲಿ ಸಾಮಾನ್ಯವಾಗಿ 18 ತಿಂಗಳು ಅದೇ ಪಾಲಿಸಿ ಇಟ್ಕೋಬಹುದು, ಆದ್ರೆ ಕಂಪ್ನಿ ಕಟ್ತಿದ್ದ ಪಾಲೂ ಸೇರಿ ಪೂರ್ತಿ ಪ್ರೀಮಿಯಮ್ ನೀವೇ ಕಟ್ಬೇಕು, ಸಂಬಳ ನಿಂತೋದ ತಿಂಗಳಲ್ಲಿ! ಲೇಆಫ್ ಆದ ನನ್ನ ಫ್ರೆಂಡ್ ಒಬ್ಬ ಹೆಂಡ್ತಿ ಬಸುರಿ ಇದ್ದಾಗ ಈ ಲೆಕ್ಕ ಹಾಕ್ತಾ ಕೂತಿದ್ದ, ಅದನ್ನ ನೋಡಿದ್ಮೇಲೆ ನನಗೆ ಆ ಸಿಸ್ಟಮ್ ಮೇಲೆ ನಂಬಿಕೆ ಇಲ್ಲ.

ಕೆಲ್ಸ ಇದ್ದಾಗ್ಲೂ ನೆಮ್ಮದಿ ಕಮ್ಮಿನೇ. ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋಕೆ ಶುರು ಮಾಡೋ ಮುಂಚೆ ವರ್ಷಕ್ಕೆ ನಾವೇ ಕಟ್ಬೇಕಾದ ಮೊತ್ತ) ಮುಗಿಯೋವರೆಗೂ ಜಾಸ್ತಿ ಪಾಲು ನಮ್ ಜೇಬಿಂದ. ಆಸ್ಪತ್ರೆ ನೆಟ್‌ವರ್ಕ್ (ಇನ್ಶೂರೆನ್ಸ್ ಕಂಪ್ನಿ ಜೊತೆ ಒಪ್ಪಂದ ಇರೋರ ಪಟ್ಟಿ) ಒಳಗಿದ್ರೂ ಅರಿವಳಿಕೆ ಕೊಟ್ಟ ಡಾಕ್ಟ್ರು ಹೊರಗಿನೋರು ಅಂತ ಬೇರೆ ಬಿಲ್ ಬರ್ತಿತ್ತು, 2022ರಲ್ಲಿ ಜಾರಿಗೆ ಬಂದ ಕಾನೂನು ಅದನ್ನ ಬಹುಪಾಲು ನಿಲ್ಲಿಸ್ತು, ಆದ್ರೆ ರಸ್ತೇಲಿ ಓಡೋ ಆಂಬ್ಯುಲೆನ್ಸನ್ನ ಮಾತ್ರ ಹಂಗೇ ಬಿಟ್ಬಿಟ್ರು.

ಇಂಗ್ಲೆಂಡಿನ ಎನ್‌ಎಚ್‌ಎಸ್ ಅಂದ್ರೆ ಸರ್ಕಾರಿ ಆರೋಗ್ಯ ಸೇವೆ, 1948 ಜುಲೈ 5ಕ್ಕೆ ಶುರುವಾಗಿದ್ದು, ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ ಕಾಲದಲ್ಲಿ. ದುಡ್ಡು ಟ್ಯಾಕ್ಸಿಂದ. ಹೊರಗಿಂದ ಬರೋ ನಾವು ವೀಸಾ ಟೈಮಲ್ಲೇ ಆರೋಗ್ಯ ಸೇವೆಗೆ ಅಂತ ಸರ್ಚಾರ್ಜ್ ಕಟ್ತೀವಿ, 2024ರಿಂದ ದೊಡ್ಡೋರಿಗೆ ವರ್ಷಕ್ಕೆ 1,035 ಪೌಂಡ್, ಕುಟುಂಬಕ್ಕೆಲ್ಲ ಸೇರಿದ್ರೆ ಇದು ಸಣ್ಣ ಮೊತ್ತ ಅಲ್ಲ. ಆದ್ರೆ ಆಮೇಲೆ ಮಗುಗೆ ರಾತ್ರಿ ಜ್ವರ ಏರಿದ್ರೆ ಆಸ್ಪತ್ರೆಗೆ ಹೋಗೋ ಮುಂಚೆ ದುಡ್ಡಿನ ಯೋಚ್ನೆನೇ ಬರಲ್ಲ, ಸೀದಾ ಹೋಗ್ತೀವಿ.

ಕಾಯೋದು ಮಾತ್ರ ನಿಜ. ಮಂಡಿ ಆಪರೇಷನ್ ಥರದ್ದಕ್ಕೆ 18 ವಾರದೊಳಗೆ ಅನ್ನೋ ಗುರಿ ಇದೆ, ಅದು ವರ್ಷಗಳಿಂದ ತಪ್ತಾನೇ ಇದೆ, 2023ರಲ್ಲಿ ಇಂಗ್ಲೆಂಡ್ ಒಂದರಲ್ಲೇ ವೇಟಿಂಗ್ ಲಿಸ್ಟ್ 77 ಲಕ್ಷ ದಾಟಿತ್ತು. ಹಲ್ಲಿನ ಡಾಕ್ಟ್ರಂತೂ ಎನ್‌ಎಚ್‌ಎಸ್‌ನಲ್ಲಿ ಸಿಗೋದೇ ಕಷ್ಟ, ನಮ್ಮೋರು ಸುಮಾರು ಜನ ಬೆಂಗಳೂರಿಗೆ ರಜೆಗೆ ಹೋದಾಗ ರೂಟ್ ಕೆನಾಲ್ ಮುಗಿಸ್ಕೊಂಡು ಬರ್ತಾರೆ. ಇದು ಸರ್ಕಾರಿ ಆಗಿರೋದ್ರಿಂದ ಅಂತ ನಾನು ಒಪ್ಪಲ್ಲ, ಬೆಡ್ಡು, ಕಟ್ಟಡ, ಸ್ಟಾಫಿಗೆ ವರ್ಷಾನುಗಟ್ಟಲೆ ಸಾಕಷ್ಟು ದುಡ್ಡು ಹಾಕ್ಲಿಲ್ಲ. ಅಮೆರಿಕ ಜಿಡಿಪಿಯ ಸುಮಾರು 17% ಆರೋಗ್ಯಕ್ಕೇ ಖರ್ಚು ಮಾಡುತ್ತೆ, ಬ್ರಿಟನ್ ಸುಮಾರು 11%, ಆದ್ರೂ ಬ್ರಿಟನ್ನಿನೋರೇ ಸರಾಸರಿ ಎರಡು ವರ್ಷಕ್ಕಿಂತ ಜಾಸ್ತಿ ಬದುಕ್ತಾರೆ (ಗನ್ನು, ಡ್ರಗ್ಸ್ ಕಾರಣನೂ ಇದೆ, ಪೂರ್ತಿ ಆಸ್ಪತ್ರೆಗಳದ್ದೇ ಅಲ್ಲ).

ಇಲ್ಲಿಗೆ ಬಂದ್ರೆ ಮೊದಲ ವಾರನೇ ಹತ್ತಿರದ ಜಿಪಿ (ಮೊದಲು ತೋರಿಸೋ ಮಾಮೂಲಿ ಡಾಕ್ಟ್ರು) ಹತ್ರ ಹೆಸ್ರು ನೋಂದಾಯಿಸಿ. ಅಮೆರಿಕನೇ ಆರಿಸ್ಕೊಂಡ್ರೆ ಎಚ್‌ಆರ್ ಹತ್ರ ಪ್ರೀಮಿಯಮ್ ಒಂದನ್ನೇ ಕೇಳ್ಬೇಡಿ, ವರ್ಷಕ್ಕೆ ಜೇಬಿಂದ ಹೋಗೋ ಗರಿಷ್ಠ ಮೊತ್ತ ಎಷ್ಟು ಅಂತ ಕೇಳಿ, ಅಷ್ಟು ಡಾಲರ್ ಬ್ಯಾಂಕಲ್ಲಿ ಇಟ್ಕೊಂಡೇ ಇರಿ.