ಐದೇ ಪದ ಬರೆದು ನಾನು ಮಾಡಿದ ಎಡವಟ್ಟು

ಇಂಗ್ಲಿಷಿನ ಫ್ಲಿಂಚ್, ವಿನ್ಸ್, ಕ್ರಿಂಜ್ ಎಲ್ಲಕ್ಕೂ ಡಿಕ್ಷನರಿಯಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥ ಇದೆ, ನೋವಿಗೋ ಭಯಕ್ಕೋ ಮುದುರುವುದು ಅಂತ, ಯಾವುದಾದರೂ ಒಂದು ಕಲಿತರೆ ಸಾಕಲ್ವಾ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ನರ್ಸ್. ಇಂಗ್ಲೆಂಡಿನ ಒಂದು ಕೇರ್ ಹೋಮ್‌ಗೆ ಸೇರಿದ ಹೊಸತು. ಅಲ್ಲಿ ಮರೆವಿನ ಕಾಯಿಲೆಯ ಒಬ್ಬ ಅಜ್ಜಿ ಇದ್ದರು, ಮಾತು ನಿಂತೇ ಹೋಗಿತ್ತು. ಮಗ ದಿನಾ ಸಂಜೆ ಬಂದು ತಾನೇ ಸ್ವೆಟರ್ ಹಾಕಿಸುತ್ತಿದ್ದರು. ಒಂದು ದಿನ ಎಡಗೈಯನ್ನು ಸ್ವೆಟರಿನ ತೋಳಿಗೆ ತೂರಿಸುವಾಗ ಅಜ್ಜಿ ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಕಿವುಚಿ, 'ಸ್ಸ್' ಅಂದರು. ಶಿಫ್ಟ್ ಮುಗಿಸುವ ಅವಸರದಲ್ಲಿ ನಾನು ಅವರ ನೋಟ್ಸ್‌ನಲ್ಲಿ ಬರೆದೆ: 'ಫ್ಲಿಂಚಸ್ ವೆನ್ ಸನ್ ಟಚಸ್ ಹರ್.' ಮಗ ಮುಟ್ಟಿದರೆ ಫ್ಲಿಂಚ್ ಆಗುತ್ತಾರೆ ಅಂತ.

ಐದೇ ಪದ. ಅದರಲ್ಲಿ ಎಷ್ಟು ತಪ್ಪು ನೋಡಿ. ವಿನ್ಸ್ ಅಂದರೆ ನೋವು ತಾಗಿದ ಕ್ಷಣ ಮುಖ ಕಿವುಚುವುದು. ಹೊಸಿಲು ಎಡವಿದಾಗ ಆಗುತ್ತಲ್ಲ, ಅದು. ಫ್ಲಿಂಚ್ ಹಾಗಲ್ಲ. ಮೇಷ್ಟ್ರು ಕೈ ಎತ್ತಿದ ಕೂಡಲೇ, ಏಟು ಬೀಳುವ ಮೊದಲೇ ಮೈ ಸರಕ್ಕನೆ ಹಿಂದೆ ಹೋಗುತ್ತದಲ್ಲ, ಅದು. ಡಿಕ್ಷನರಿ ಫ್ಲಿಂಚ್‌ಗೆ ನೋವನ್ನೂ ಸೇರಿಸುತ್ತದೆ, ನಿಜ. ಆದರೆ 'ಮಗ ಮುಟ್ಟಿದರೆ' ಅಂತ ಪಕ್ಕದಲ್ಲಿದ್ದರೆ ಓದುವವರಿಗೆ ಕಾಣುವುದು ಭಯವೇ. ಸಾಲದ್ದಕ್ಕೆ 'ಫ್ಲಿಂಚ್ಡ್' ಅನ್ನುವ ಬದಲು 'ಫ್ಲಿಂಚಸ್' ಅಂದೆ. ಅಂದರೆ ಒಂದು ಸಲ ಅಲ್ಲ, ಮುಟ್ಟಿದಾಗಲೆಲ್ಲ. ಸ್ವೆಟರ್ ವಿಷಯ, ಎಡಭುಜದ ವಿಷಯ ಬರೆಯಲೇ ಇಲ್ಲ. ಒಟ್ಟಿನಲ್ಲಿ ನಾನು ಬರೆದದ್ದು: ಮಗನ ಕೈ ಹತ್ತಿರ ಬಂದರೆ ತಾಯಿ ಏಟಿಗೆ ಹೆದರುತ್ತಾಳೆ.

ಅಂಥ ಸಂಶಯ ಬಂದರೆ ವಿಚಾರಿಸಲೇಬೇಕು ಅಂತ 2014ರ ಕೇರ್ ಆಕ್ಟ್ ಅನ್ನುವ ಕಾನೂನು ಅಲ್ಲಿನ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಹೇಳುತ್ತದೆ. ನಮ್ಮ ಮ್ಯಾನೇಜರ್ ಕೌನ್ಸಿಲ್‌ಗೆ ತಿಳಿಸಿದರು. ಅವರ ತಪ್ಪೇನಿಲ್ಲ. ಅಲ್ಲಿಂದ ಮಗ ತಾಯಿಯ ಹತ್ತಿರ ಕೂರಬೇಕಾದರೆ ನಮ್ಮಲ್ಲೊಬ್ಬರು ಪಕ್ಕದಲ್ಲಿ ಇರಬೇಕು. ಮಾತಾಡಲಾಗದವರ ನೋವು ಅಳೆಯಲು ಆಬಿ ಸ್ಕೇಲ್ ಅಂತ ಇದೆ, ಮುಖಭಾವಕ್ಕೇ 0ಯಿಂದ 3ರವರೆಗೆ ಅಂಕ. ಎಲ್ಲರೂ ಭಯ ಹುಡುಕುತ್ತಿದ್ದೆವು, ಆ ಭುಜದ ನೋವಿಗೆ ಎರಡು ದಿನ ಯಾರೂ ಅಂಕ ಹಾಕಲಿಲ್ಲ.

ಕೊನೆಗೆ ಮ್ಯಾನೇಜರ್, "ಏನು ಮಾಡಿದರು, ಮಾಡಿ ತೋರಿಸು" ಅಂದರು. ನಾನು ಮುಖ ಕಿವುಚಿ ತೋರಿಸಿದೆ. ಮೈ ಒಂದಿಂಚೂ ಅಲ್ಲಾಡಲಿಲ್ಲ. "ಇದು ವಿನ್ಸ್ ಅಲ್ವಾ?" ಅಂದರು. ಬರೆದದ್ದನ್ನು ಅಳಿಸುವ ಹಾಗಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು, ಸಮಯ, ಸಹಿ ಹಾಕಿದೆ.

ಹಾಗಾಗಿ ಒಂದೊಂದಕ್ಕೂ ಒಂದು ಕನ್ನಡ ಪದ ಹುಡುಕಿ ಉರು ಹೊಡೆಯಬೇಡಿ. ಮೈಯಲ್ಲಿ ಎಲ್ಲಿ ಆಯಿತು, ನೋವಿಗೆ ಮೊದಲೋ ನೋವಿನ ಜೊತೆಗೋ, ಅಷ್ಟು ನೋಡಿ. ವಿನ್ಸ್ ಆಗಿ ಮುಖ ಹಾಗೇ ಸ್ವಲ್ಪ ಹೊತ್ತು ಉಳಿದರೆ ಗ್ರಿಮೇಸ್. ಬೀದಿನಾಯಿ ಮುಂದೆ ಕಲ್ಲಿಗೆ ಬಗ್ಗಿ ನೋಡಿ: ಚಂಗನೆ ಹಿಂದೆ ಹಾರಿದರೆ ಫ್ಲಿಂಚ್, ಬಾಲ ಮುದುರಿ ನೆಲಕ್ಕೆ ಅಂಟಿಕೊಂಡರೆ ಕೌವರ್. ಕ್ರಿಂಜ್ ಬಿಡಿ, ನೋಡಿದರೇ ಮುಜುಗರ ಆಗುವುದಕ್ಕೆ ಅದನ್ನು ಈಗ ಬೆಂಗಳೂರಿನ ಕಾಲೇಜು ಹುಡುಗರೇ ದಿನಕ್ಕೆ ಹತ್ತು ಸಲ ಅನ್ನುತ್ತಾರೆ. ಮತ್ತೆ, ಕೆಲಸದ ನೋಟ್ಸ್‌ನಲ್ಲಿ ಈ ಯಾವ ಪದವೂ ಬೇಡ ಅನ್ನುವುದು ನನ್ನ ಅಭಿಪ್ರಾಯ. 'ಎಡಗೈ ಎತ್ತಿದಾಗ ಕಣ್ಣು ಮುಚ್ಚಿ ಮುಖ ಕಿವುಚಿದರು' ಅಂತ ಸುಮ್ನೆ ಕಂಡದ್ದನ್ನು ಬರೆಯಿರಿ.

ಆ ಮಗ ಬರುವುದು ಬಿಡಲಿಲ್ಲ, ನನ್ನ ಮೇಲೆ ರೇಗಲೂ ಇಲ್ಲ. ಆದರೆ ಸ್ವೆಟರ್ ಹಾಕಿಸುವ ಹೊತ್ತಾದರೆ ಎದ್ದು, ಜಾಕೆಟ್ ಜೇಬಿಗೆ ಎರಡೂ ಕೈ ಹಾಕಿಕೊಂಡು, ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದರು.