ಹಳೇ ವೈರ್‌ಲೆಸ್ ಸ್ಟೇಷನ್ ಮಾಡೆಲ್‌ಗೆ ಪೋಲ್ಡೂ ಬೇಡ, ಸೌತ್ ಫೋರ್‌ಲ್ಯಾಂಡ್ ಮಾಡಿ

ಸರ್, ಮಗಳ ಕಾಲೇಜು ಎಕ್ಸಿಬಿಷನ್‌ಗೆ ಹಳೇ ಕಾಲದ ಕರಾವಳಿ ವೈರ್‌ಲೆಸ್ ಸ್ಟೇಷನ್ ಮಾಡೆಲ್ ಮಾಡ್ಬೇಕು, ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿದ್ದ ಮಾರ್ಕೋನಿಯ ಪೋಲ್ಡೂ ಸ್ಟೇಷನ್ ಆಗ್ಬಹುದಾ ಅಂತ ಕೇಳಿದೀರಲ್ಲ, ನನ್ನ ಕೇಳಿದ್ರೆ ಬೇಡ. 1901ರಲ್ಲಿ ಅಲ್ಲಿಂದ ಅಟ್ಲಾಂಟಿಕ್ ದಾಟಿ ಸಿಗ್ನಲ್ ಹೋಯ್ತು ಅಂತ ಹೆಸರಾಯ್ತು ಸರಿ, ಆದ್ರೆ ಸಮುದ್ರದಲ್ಲಿ ಜೀವ ಉಳಿಸೋ ಕೆಲ್ಸಕ್ಕೆ ವೈರ್‌ಲೆಸ್ ಇಳಿದಿದ್ದು ಅದಕ್ಕೂ ಮುಂಚೆ, ಇಂಗ್ಲೆಂಡಿನ ಕೆಂಟ್ ತೀರದ ಸೌತ್ ಫೋರ್‌ಲ್ಯಾಂಡ್ ಲೈಟ್‌ಹೌಸ್‌ನಲ್ಲಿ.

ಅದರೆದುರು ಗುಡ್ವಿನ್ ಮರಳುದಿಬ್ಬ, ಹಡಗುಗಳಿಗೆ ಯಮಲೋಕ ಅದು. ಅಲ್ಲಿ ಲಂಗರು ಹಾಕಿದ್ದ ಈಸ್ಟ್ ಗುಡ್ವಿನ್ ಲೈಟ್‌ಶಿಪ್‌ನೋರು (ಲೈಟ್‌ಹೌಸ್ ಥರ ದೀಪ ಹೊತ್ತು ಒಂದೇ ಕಡೆ ನಿಲ್ಲೋ ಹಡಗು) ಕಣ್ಣೆದುರೇ ಹಡಗು ಸಿಕ್ಕಾಕೊಂಡ್ರೂ ಬಾವುಟ ಆಡಿಸ್ಬೇಕು ಇಲ್ಲಾ ತೋಪು ಹಾರಿಸ್ಬೇಕು, ಮಂಜು ಬಿದ್ರೆ ಬಾವುಟ ಯಾರಿಗೆ ಕಾಣತ್ತೆ. ಲೈಟ್‌ಶಿಪ್‌ಗಳಿಗೆ ಕೇಬಲ್ ಎಳೆದೂ ನೋಡಿದ್ರು, ಹಡಗು ಲಂಗರಿನ ಸುತ್ತ ತಿರುಗ್ತಾ ಇದ್ರೆ ಕೇಬಲ್ ಹೊಸೆದುಕೊಂಡು ಕೆಡ್ತಿತ್ತು. 1898ರ ಡಿಸೆಂಬರ್‌ನಲ್ಲಿ ಮಾರ್ಕೋನಿ ಎರಡೂ ಕಡೆ ಸೆಟ್ ಕೂರಿಸಿದ, ನಡುವೆ ಸುಮಾರು 12 ಮೈಲಿ. ಮುಂದಿನ ಮಾರ್ಚ್‌ನಲ್ಲೇ ಎಲ್ಬೆ ಅನ್ನೋ ಹಡಗು ದಿಬ್ಬಕ್ಕೆ ಹತ್ತಿದಾಗ ಲೈಟ್‌ಶಿಪ್‌ನಿಂದ ಸುದ್ದಿ ಬಂತು, ಏಪ್ರಿಲ್ ಕೊನೆಗೆ ಆರ್. ಎಫ್. ಮ್ಯಾಥ್ಯೂಸ್ ಅನ್ನೋ ಸ್ಟೀಮರ್ ಲೈಟ್‌ಶಿಪ್‌ಗೇ ಗುದ್ದಿದಾಗ ಅವ್ರೇ ತಮಗೆ ಸಹಾಯ ಬೇಕು ಅಂತ ಕರೆದ್ರು!

ಈಗ ಮಾಡೋ ವಿಷ್ಯ. ಸ್ಪಾರ್ಕ್ ಟ್ರಾನ್ಸ್‌ಮಿಟರ್‌ಗೆ (ಕಿಡಿಯಿಂದ ರೇಡಿಯೋ ಅಲೆ ಕಳಿಸೋ ಯಂತ್ರ) ಏರಿಯಲ್ ಕಟ್ಟೋಕೆ ದಯವಿಟ್ಟು ಹೋಗ್ಬೇಡಿ, ಕಾನೂನು ಬಿಡಲ್ಲ, ಸುತ್ತಮುತ್ತಲ ರೇಡಿಯೋ ಎಲ್ಲಾ ಗೊರಗೊರ ಅನ್ನತ್ತೆ. ಅಡುಗೆಮನೆ ಗ್ಯಾಸ್ ಲೈಟರ್‌ನ ಕಿಡಿ ಸಾಕು. ರಿಸೀವರ್‌ಗೆ ಕೊಹಿರರ್ ಮಾಡಿ, ಅಂದ್ರೆ ರೇಡಿಯೋ ಅಲೆ ಬಂದಾಗ ಕರೆಂಟ್ ಬಿಡೋ ಲೋಹದ ಪುಡಿಯ ಕೊಳವೆ: ಸಣ್ಣ ಗಾಜಿನ ಕೊಳವೆ, ಎರಡು ಕಡೆಯಿಂದ ಹಿತ್ತಾಳೆ ಕಡ್ಡಿ, ನಡುವೆ ಒಂದೆರಡು ಮಿಲಿಮೀಟರ್ ಸಂದು, ಅದ್ರಲ್ಲಿ ಅರದ ಪುಡಿ ಅರ್ಧ ಮಾತ್ರ, ಗಿಡಿದು ತುಂಬಿದ್ರೆ ಕೆಲ್ಸ ಮಾಡಲ್ಲ. ಮಾರ್ಕೋನಿ ಹಾಕ್ತಿದ್ದಿದ್ದು ನಿಕಲ್ ಜೊತೆ ಚೂರು ಬೆಳ್ಳಿ, ನಿಮಗೆ ತುಕ್ಕಿಲ್ಲದ ಒಣ ಕಬ್ಬಿಣದ ಪುಡಿನೂ ನಡೆಯತ್ತೆ. ಎರಡು ತುದಿಗೂ ಒಂದೊಂದು ಗೇಣು ವೈರ್, ಸರಣಿಯಲ್ಲಿ 1.5 ವೋಲ್ಟ್ ಸೆಲ್, 1 ಕಿಲೋಓಮ್ ರೆಸಿಸ್ಟರ್, ಮಲ್ಟಿಮೀಟರ್. ಹತ್ರ ಲೈಟರ್ ಒತ್ತಿದ್ರೆ ಪುಡಿ ಅಂಟ್ಕೊಂಡು ಕರೆಂಟ್ ಏರತ್ತೆ, ಪೆನ್ಸಿಲಲ್ಲಿ ಮೆಲ್ಲಗೆ ತಟ್ಟಿದ್ರೆ ಬಿಟ್ಕೊಂಡು ಇಳಿಯತ್ತೆ.

ತಟ್ಟೋ ಕೆಲ್ಸಕ್ಕೆ ಬೆಲ್‌ನ ಸುತ್ತಿಗೆ ಇಡೋದಾದ್ರೆ ಟ್ರಾನ್ಸಿಸ್ಟರ್ ಇಲ್ಲಾ ರಿಲೇ (ಸಣ್ಣ ಕರೆಂಟಿಂದ ಓಡೋ ಸ್ವಿಚ್) ಮೂಲಕ ಬೇರೆ ಬ್ಯಾಟರಿಯಿಂದ ಓಡಿಸಿ, ಆದ್ರೆ ಬಹಳ ಜನ ಸೋಲೋದು ಇಲ್ಲೇ: ಬೆಲ್ ಕಾಂಟ್ಯಾಕ್ಟ್‌ನ ಕಿಡಿನೇ ಪುಡಿನ ಮತ್ತೆ ಅಂಟಿಸಿಬಿಡತ್ತೆ, ಬೆಲ್ ನಿಲ್ಲೋದೇ ಇಲ್ಲ. ಮಾರ್ಕೋನಿ ಇದಕ್ಕೇ ಕಾಂಟ್ಯಾಕ್ಟ್‌ಗೆ ಅಡ್ಡ ರೆಸಿಸ್ಟೆನ್ಸ್, ಕೊಹಿರರ್ ಪಕ್ಕ ಚೋಕ್ ಕಾಯಿಲ್ (ಅಲೆ ತಡೆಯೋ ತಂತಿ ಸುರುಳಿ) ಹಾಕ್ತಿದ್ದ, ನೀವೂ ಎರಡೂ ಹಾಕಿ.

ಇನ್ನೊಂದು, ಬೋರ್ಡ್ ಮೇಲೆ ಎಸ್‌ಒಎಸ್ ಬರೀಬೇಡಿ. ಅದನ್ನ ಬರ್ಲಿನ್ ಸಮ್ಮೇಳನ ಒಪ್ಪಿದ್ದು 1906ರಲ್ಲಿ, ಅದಕ್ಕೂ ಮುಂಚಿನ ಅಪಾಯದ ಕರೆ, ಮಾರ್ಕೋನಿ ಕಂಪನಿಯ ಸಿಕ್ಯೂಡಿ ಬಂದಿದ್ದೂ 1904ರಲ್ಲಿ, ನಿಮ್ಮ ಸ್ಟೇಷನ್ 1899ರದ್ದು, ಸಹಾಯ ಬೇಕಾದ್ರೆ ಪೂರ್ತಿ ಮಾತಲ್ಲೇ ಕಳಿಸ್ಬೇಕಿತ್ತು. ರಿಲೇ ವೈರಿಂಗ್ ಫೋಟೋ ಹಾಕಿ, ನೋಡಿ ಹೇಳ್ತೀನಿ.