ಶೆಲ್‌ನ ಬಿಲ್ಟ್‌ಇನ್‌ಗಳಿಗೆ ಕೈ ಹಾಕುವ ಮೊದಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟ್‌ಗೆ ಅಂತ ಸಿ ಭಾಷೆಯಲ್ಲಿ ಒಂದು ಸಣ್ಣ ಶೆಲ್ (ಟೈಪ್ ಮಾಡಿದ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಮ್) ಬರೆದಿದ್ದೇನೆ. ಸಿಡಿ, ಎಕ್ಸಿಟ್, ಎಕ್ಸ್‌ಪೋರ್ಟ್, ಎಕೋ ಎಲ್ಲವೂ ಒಂದೇ ಫಂಕ್ಷನ್‌ನಲ್ಲಿವೆ, ಇಫ್-ಎಲ್ಸ್ ಮೇಲೆ ಇಫ್-ಎಲ್ಸ್. ಒಂದೊಂದನ್ನೂ ಬೇರೆ ಫೈಲ್‌ಗೆ ಹಾಕಿದರೆ ರಿಫ್ಯಾಕ್ಟರಿಂಗ್ (ನಡವಳಿಕೆ ಬದಲಿಸದೆ ಕೋಡ್ ಒಪ್ಪ ಮಾಡುವುದು) ಮುಗೀತು ಅಂತ ಗೆಳೆಯರು ಹೇಳುತ್ತಾರೆ. ಅಷ್ಟೇ ಸಾಕಾ?
— ವಿದ್ಯಾರ್ಥಿ, ಹಾಸನ

ಉತ್ತರ: ಸಾಲದು. ಫೈಲ್ ಬೇರೆ ಮಾಡುವುದು ಸುಲಭದ ಕೆಲಸ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ನಿಮ್ಮ ಕಮಾಂಡ್‌ಗಳಲ್ಲಿ ಯಾವುದು ಶೆಲ್ ಒಳಗೆ ಇರಲೇಬೇಕು, ಯಾವುದು ಬರೀ ವೇಗಕ್ಕಾಗಿ ಒಳಗಿದೆ ಅಂತ ವಿಂಗಡಿಸಿ. ಹೀಗೆ ಶೆಲ್ ಒಳಗೇ ಇರುವ ಕಮಾಂಡ್‌ಗಳನ್ನೇ ಬಿಲ್ಟ್‌ಇನ್ ಅನ್ನುವುದು.

ಡೈರೆಕ್ಟರಿ ಬದಲಿಸುವ ಸಿಡಿ ಒಳಗೇ ಇರಬೇಕು. ಯೂನಿಕ್ಸ್ ಇನ್ನೂ ಪಿಡಿಪಿ-7 ಯಂತ್ರದ ಮೇಲಿದ್ದ ಕಾಲದಲ್ಲಿ ಫೋರ್ಕ್ (ಹೊಸ ಪ್ರಾಸೆಸ್ ಹುಟ್ಟಿಸುವ ಕರೆ) ಬಂತು, ಎಲ್ಲರೂ ಖುಷಿಪಟ್ಟರು, ಆಮೇಲೆ ನೋಡಿದರೆ ಡೈರೆಕ್ಟರಿ ಬದಲಿಸುವ ಕಮಾಂಡ್ ಕೆಲಸ ಮಾಡುವುದನ್ನೇ ನಿಲ್ಲಿಸಿತ್ತು ಅಂತ ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನ್ನಿಸ್ ರಿಚಿ ಬರೆದಿದ್ದಾರೆ. ಕಾರಣ ಸರಳ. ಕಮಾಂಡ್ ಹೊಸ ಪ್ರಾಸೆಸ್‌ನಲ್ಲಿ ಓಡುತ್ತದೆ, ತನ್ನ ಡೈರೆಕ್ಟರಿ ಬದಲಿಸಿಕೊಳ್ಳುತ್ತದೆ, ಮುಗಿದುಹೋಗುತ್ತದೆ. ಶೆಲ್ ಇದ್ದಲ್ಲೇ ಇರುತ್ತದೆ. ಎಕ್ಸ್‌ಪೋರ್ಟ್, ಎಕ್ಸಿಟ್ ಕಥೆಯೂ ಇದೇ. ಎಕೋ, ಟೆಸ್ಟ್, ಪ್ರಿಂಟ್‌ಎಫ್ ಹಾಗಲ್ಲ. ಅವು ಹೊರಗಿದ್ದರೂ ನಡೆಯುತ್ತದೆ, ಪ್ರತಿ ಸಲ ಫೋರ್ಕ್ ಮಾಡುವ ಖರ್ಚು ಉಳಿಯಲಿ ಅಂತ ಒಳಗಿವೆ.

ಹೊರಗಿನ ಕಮಾಂಡ್ ಲಾಡ್ಜ್‌ಗೆ ಬಂದ ಗಿರಾಕಿ ಇದ್ದಹಾಗೆ: ಏನೇ ಗಲೀಜು ಮಾಡಿ ಹೋದರೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ರೂಮ್ ಗುಡಿಸುತ್ತದೆ. ಬಿಲ್ಟ್‌ಇನ್‌ಗೆ ಆ ಸೌಲಭ್ಯ ಇಲ್ಲ. ಅದು ಬಿಟ್ಟ ಮೆಮೊರಿ, ತೆರೆದಿಟ್ಟ ಫೈಲ್, ಬದಲಿಸಿದ ಗ್ಲೋಬಲ್ ವೇರಿಯಬಲ್ ಎಲ್ಲ ಶೆಲ್‌ನಲ್ಲೇ ಉಳಿಯುತ್ತವೆ. ಎಕೋ ಒಳಗೆ ಎಲ್ಲೋ ಒಂದು ಎಕ್ಸಿಟ್ ಕರೆ ಇದ್ದರೆ, ತಪ್ಪು ಆಪ್ಷನ್ ಕೊಟ್ಟ ಕ್ಷಣ ಬಳಕೆದಾರನ ಶೆಲ್ಲೇ ಮುಚ್ಚಿಹೋಗುತ್ತದೆ. ಹಾಗಾಗಿ ಮೊದಲ ನಿಜವಾದ ಕೆಲಸ ಅಂದರೆ, ಪ್ರತಿಯೊಂದು ಬಿಲ್ಟ್‌ಇನ್ ಒಂದು ನಂಬರ್ ರಿಟರ್ನ್ ಮಾಡುವ ಫಂಕ್ಷನ್ ಆಗಬೇಕು. ಶೆಲ್ ಮುಚ್ಚುವ ನಿರ್ಧಾರ ಅದನ್ನು ಕರೆದವರದು.

ಎರಡನೆಯದು ಟೇಬಲ್. ಹೆಸರು, ಫಂಕ್ಷನ್, ಒಂದೆರಡು ಫ್ಲ್ಯಾಗ್, ಅಷ್ಟು ಇರುವ ಸ್ಟ್ರಕ್ಚರ್‌ಗಳ ಪಟ್ಟಿ. ಫ್ಲ್ಯಾಗ್ ಯಾಕೆ ಅಂದರೆ ಎಲ್ಲ ಬಿಲ್ಟ್‌ಇನ್‌ಗಳೂ ಒಂದೇ ಅಲ್ಲ. ಪಾಸಿಕ್ಸ್ (ಯೂನಿಕ್ಸ್ ಮಾದರಿಯ ವ್ಯವಸ್ಥೆಗಳು ಹೇಗಿರಬೇಕು ಅನ್ನುವ ಮಾನದಂಡ) 15 ಕಮಾಂಡ್‌ಗಳನ್ನು ವಿಶೇಷ ಬಿಲ್ಟ್‌ಇನ್ ಅಂತ ಬೇರೆ ಇಟ್ಟಿದೆ: ಸೆಟ್, ಎಕ್ಸ್‌ಪೋರ್ಟ್, ಇವಾಲ್, ಎಕ್ಸೆಕ್, ಟ್ರ್ಯಾಪ್, ಕೋಲನ್ ಇತ್ಯಾದಿ. ಒಂದು ಉದಾಹರಣೆ ನೋಡಿ. ಡ್ಯಾಶ್ ಶೆಲ್‌ನಲ್ಲಿ ಒಂದು ವೇರಿಯಬಲ್‌ಗೆ 1 ಅಂತ ಕೊಟ್ಟು, ಅದೇ ಸಾಲಿನಲ್ಲಿ ಮುಂದೆ ಕೋಲನ್ (:) ಕಮಾಂಡ್ ಬರೆಯಿರಿ. ಸಾಲು ಮುಗಿದ ಮೇಲೂ ಆ 1 ಉಳಿದಿರುತ್ತದೆ. ಕೋಲನ್ ಜಾಗದಲ್ಲಿ ಟ್ರೂ ಬರೆಯಿರಿ, ಉಳಿಯುವುದಿಲ್ಲ. ಎರಡೂ ಏನೂ ಮಾಡದ ಕಮಾಂಡ್‌ಗಳೇ, ಅಲ್ವಾ? ಆದರೆ ಒಂದು ವಿಶೇಷ, ಇನ್ನೊಂದು ಅಲ್ಲ. ಬ್ಯಾಶ್ ಅನ್ನುವ ಶೆಲ್‌ನಲ್ಲಿ ಈ ವ್ಯತ್ಯಾಸ ಪಾಸಿಕ್ಸ್ ಮೋಡ್ ಹಾಕಿದಾಗ ಮಾತ್ರ ಕಾಣುತ್ತದೆ. ಇಫ್-ಎಲ್ಸ್ ಸರಣಿಯಲ್ಲಿ ಇಂಥ ನಿಯಮಗಳು ಅಲ್ಲೊಂದು ಇಲ್ಲೊಂದು ಅಡಗಿ ಕೂತಿರುತ್ತವೆ. ಟೇಬಲ್‌ಗೆ ಬಂದರೆ ಕಣ್ಣಿಗೆ ಬೀಳುತ್ತವೆ.

ಬ್ಯಾಶ್ ಇದನ್ನು ಮಾಡಿರುವ ರೀತಿ ನನಗೆ ತುಂಬ ಇಷ್ಟ. ಬಿಲ್ಟ್‌ಇನ್‌ಗಳು ಡೆಫ್ ಅನ್ನುವ ಕೊನೆ ಇರುವ ಫೈಲ್‌ಗಳಲ್ಲಿವೆ. ಕಮಾಂಡ್‌ನ ಹೆಸರು, ಫಂಕ್ಷನ್, ಹೆಲ್ಪ್‌ನಲ್ಲಿ ಕಾಣುವ ವಿವರಣೆ, ಸಿ ಕೋಡ್ ಎಲ್ಲ ಒಂದೇ ಕಡೆ. ಎಂಕೆಬಿಲ್ಟ್‌ಇನ್ಸ್ ಅನ್ನುವ ಸಣ್ಣ ಪ್ರೋಗ್ರಾಮ್ ಅವನ್ನು ಓದಿ ಸಿ ಫೈಲ್‌ಗಳನ್ನೂ ಟೇಬಲ್ಲನ್ನೂ ಹುಟ್ಟಿಸುತ್ತದೆ. ಶೆಲ್ ಶುರುವಾದಾಗ ಟೇಬಲ್ ಒಮ್ಮೆ ಸಾರ್ಟ್ ಆಗುತ್ತದೆ, ಆಮೇಲೆ ಹುಡುಕುವುದು ಬೈನರಿ ಸರ್ಚ್‌ನಲ್ಲಿ. ನಿಮ್ಮ ಹತ್ತಿಪ್ಪತ್ತು ಕಮಾಂಡ್‌ಗೆ ಇಷ್ಟೆಲ್ಲ ಬೇಡ. ಆದರೆ ಹೆಲ್ಪ್ ಪಠ್ಯ ಕೋಡ್ ಪಕ್ಕದಲ್ಲೇ ಇರಬೇಕು ಅನ್ನುವ ಯೋಚನೆಯನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಇನ್ನು ರಿಡೈರೆಕ್ಷನ್. ಎಕೋದ ಔಟ್‌ಪುಟ್ಟನ್ನು ಫೈಲ್‌ಗೆ ಕಳಿಸಿದಾಗ ಫೋರ್ಕ್ ಇಲ್ಲ, ಶೆಲ್‌ನ ಸ್ವಂತ ಔಟ್‌ಪುಟ್ಟೇ ತಿರುಗುತ್ತದೆ. ಹಾಗಾಗಿ ಹಳೆಯ ಡಿಸ್ಕ್ರಿಪ್ಟರ್ 1ನ್ನು (ಔಟ್‌ಪುಟ್ ಹೋಗುವ ಜಾಗದ ನಂಬರ್) 10 ಅಥವಾ ಅದಕ್ಕಿಂತ ಮೇಲಿನ ನಂಬರ್‌ಗೆ ನಕಲು ಮಾಡಿ, ಎಕ್ಸೆಕ್ ಆದಾಗ (ಪ್ರಾಸೆಸ್‌ನಲ್ಲಿ ಬೇರೆ ಪ್ರೋಗ್ರಾಮ್ ಬಂದು ಕೂತಾಗ) ಮುಚ್ಚಿಹೋಗುವಂತೆ ಗುರುತು ಹಾಕಿ, ಕಮಾಂಡ್ ಓಡಿಸಿ, ಬಫರ್ ಖಾಲಿ ಮಾಡಿ, ವಾಪಸ್ ತರಬೇಕು. ಬಫರ್ ಖಾಲಿ ಮಾಡುವುದನ್ನು ಮರೆತರೆ ಫೈಲ್‌ಗೆ ಹೋಗಬೇಕಾದ ಅಕ್ಷರ ಪರದೆ ಮೇಲೆ ಬರುತ್ತದೆ. ಈ ಕೆಲಸ ಪ್ರತಿ ಬಿಲ್ಟ್‌ಇನ್ ಒಳಗೆ ಬೇಡ, ಕರೆಯುವ ಒಂದೇ ಜಾಗದಲ್ಲಿ ಇರಲಿ. ಒಂದೇ ಅಪವಾದ ಎಕ್ಸೆಕ್: ಅದಕ್ಕೆ ಕಮಾಂಡ್ ಕೊಡದೆ ಬರೀ ರಿಡೈರೆಕ್ಷನ್ ಕೊಟ್ಟರೆ ವಾಪಸ್ ತರಲೇಬಾರದು. ಇದಕ್ಕೂ ಟೇಬಲ್‌ನಲ್ಲಿ ಒಂದು ಫ್ಲ್ಯಾಗ್ ಇಡಿ.

ಪ್ರಶ್ನೆ: ಬಿಲ್ಟ್‌ಇನ್‌ಗಳನ್ನೆಲ್ಲ ಆಪ್ಷನ್ ಓದುವ ಗೆಟ್‌ಆಪ್ಟ್ ಫಂಕ್ಷನ್‌ಗೆ ಬದಲಿಸಿದೆ. ಮೊದಲ ಸಲ ಆಪ್ಷನ್ ಸರಿಯಾಗಿ ಓದುತ್ತದೆ, ಎರಡನೇ ಸಲ ಅದೇ ಕಮಾಂಡ್ ಕೊಟ್ಟರೆ ಆಪ್ಷನ್ ಕಾಣಿಸಲೇ ಇಲ್ಲ ಅನ್ನುವಂತೆ ನಡೆದುಕೊಳ್ಳುತ್ತದೆ. ಯಾಕೆ?
— ಓದುಗರು, ಮೈಸೂರು

ಉತ್ತರ: ಗೆಟ್‌ಆಪ್ಟ್ ತಾನು ಎಲ್ಲಿಯವರೆಗೆ ಓದಿದೆ ಅನ್ನುವುದನ್ನು ಆಪ್ಟ್‌ಇಂಡ್ ಅನ್ನುವ ಗ್ಲೋಬಲ್‌ನಲ್ಲಿ ಇಟ್ಟುಕೊಳ್ಳುತ್ತದೆ. ಒಮ್ಮೆ ಓಡಿ ಮುಗಿಯುವ ಪ್ರೋಗ್ರಾಮ್‌ಗೆ ಇದು ಸರಿ. ನಿಮ್ಮ ಶೆಲ್ ಮುಗಿಯುವುದೇ ಇಲ್ಲ, ಆದ್ದರಿಂದ ಹಿಂದಿನ ಕಮಾಂಡ್‌ನ ಲೆಕ್ಕ ಮುಂದಿನದಕ್ಕೂ ಬರುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಸಿ ಲೈಬ್ರರಿ ಗ್ಲಿಬ್‌ಸಿಯಲ್ಲಿ ಆಪ್ಟ್‌ಇಂಡ್‌ಗೆ 0 ಕೊಡಿ, ಪೂರ್ತಿ ಹೊಸದಾಗಿ ಶುರುವಾಗುತ್ತದೆ. ಬಿಎಸ್‌ಡಿ ಗುಂಪಿನ ಯೂನಿಕ್ಸ್‌ಗಳಲ್ಲಿ ಆಪ್ಟ್‌ರೀಸೆಟ್ ಅನ್ನುವ ಇನ್ನೊಂದು ವೇರಿಯಬಲ್ ಇದೆ, ಅದಕ್ಕೆ 1 ಕೊಟ್ಟು ಆಪ್ಟ್‌ಇಂಡನ್ನೂ 1 ಮಾಡಿ. ಬ್ಯಾಶ್ ಈ ತಲೆನೋವೇ ಬೇಡ ಅಂತ ತನ್ನದೇ ಆಪ್ಷನ್ ಓದುವ ಫಂಕ್ಷನ್ ಇಟ್ಟುಕೊಂಡಿದೆ. ಅಲ್ಲೂ ಬಿಲ್ಟ್‌ಇನ್‌ಗಳು ಆಪ್ಷನ್ ಓದುವ ಮೊದಲು ಅದರ ರೀಸೆಟ್ಟನ್ನು ಕರೆಯುತ್ತವೆ. ನೀವು ಆ ರೀಸೆಟ್ಟನ್ನು ಟೇಬಲ್‌ನಿಂದ ಕರೆಯುವ ಜಾಗದಲ್ಲೇ ಹಾಕಿಬಿಡಿ, ಆಗ ಯಾರೂ ಮರೆಯುವ ಪ್ರಶ್ನೆ ಬರುವುದಿಲ್ಲ.

ಪ್ರಶ್ನೆ: ಬ್ಯಾಶ್ ಸೋರ್ಸ್ ಓದುವಾಗ ತಪ್ಪು ಬಳಕೆಗೆ 258 ಅನ್ನುವ ನಂಬರ್ ಕಂಡಿತು. ಎಕ್ಸಿಟ್ ಸ್ಟೇಟಸ್ (ಕಮಾಂಡ್ ಮುಗಿದಾಗ ಕೊಡುವ ನಂಬರ್) 255 ದಾಟುವುದಿಲ್ಲ, ಅಲ್ವಾ? ಇದನ್ನು 2 ಮಾಡಿ ಕ್ಲೀನ್ ಮಾಡಬಹುದಾ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಮಾಡಬೇಡಿ! ಆ ನಂಬರ್ ದೊಡ್ಡದಾಗಿರುವುದು ಬೇಕಂತಲೇ. ಹೊರಗಿನ ಯಾವ ಕಮಾಂಡ್ ಕೂಡ 258 ಕೊಡಲು ಸಾಧ್ಯವಿಲ್ಲ. ಹಾಗಾಗಿ 256 ದಾಟಿದ ಬೆಲೆ ಬಂದರೆ, ಬಿಲ್ಟ್‌ಇನ್ನನ್ನು ಕರೆದದ್ದರಲ್ಲೇ ಏನೋ ತಪ್ಪಾಗಿದೆ ಅಂತ ಶೆಲ್‌ಗೆ ಗೊತ್ತಾಗುತ್ತದೆ. ಅದನ್ನು ನೋಡಿಕೊಂಡು, ಆಮೇಲೆ ಬಳಕೆದಾರನಿಗೆ 2 ಅಂತ ತೋರಿಸುತ್ತದೆ. ನೀವು ಮೊದಲೇ 2 ಮಾಡಿದರೆ ಎಲ್ಲ ಕಂಪೈಲ್ ಆಗುತ್ತದೆ, ಹೊರಗೆ ಕಾಣುವ ನಂಬರ್ ಕೂಡ ಅದೇ, ಆದರೆ ಒಳಗಿನ ಆ ಗುರುತು ಹೋಯಿತು. ಪಾಸಿಕ್ಸ್ ಮೋಡ್‌ನಲ್ಲಿ ಸ್ಕ್ರಿಪ್ಟ್ ನಿಲ್ಲಬೇಕಾದ ಕಡೆ ನಿಲ್ಲದೆ ಮುಂದೆ ಓಡುವಂಥ ತೊಂದರೆಗಳು ಹುಟ್ಟುವುದು ಇಂಥ ಕಡೆಯೇ. ವಿಚಿತ್ರ ಕಾಣುವ ನಂಬರ್ ಸಿಕ್ಕರೆ ಸುಮ್ನೆ ಅಳಿಸಬೇಡಿ, ಅದನ್ನು ಯಾರು ಯಾರು ಓದುತ್ತಾರೆ ಅಂತ ಮೊದಲು ಹುಡುಕಿ.

ಪ್ರಶ್ನೆ: ಟೆಸ್ಟ್ ಕಮಾಂಡ್ ಶೆಲ್ ಒಳಗೂ ಇದೆ, ಹೊರಗೂ ಇದೆ. ಒಂದೇ ಕೋಡ್ ಎರಡಕ್ಕೂ ಬಳಸಬಹುದಾ?
— ಓದುಗರು, ಧಾರವಾಡ

ಉತ್ತರ: ಖಂಡಿತ. ಫ್ರೀಬಿಎಸ್‌ಡಿ ಅದನ್ನೇ ಮಾಡುತ್ತದೆ. ಟೆಸ್ಟ್, ಪ್ರಿಂಟ್‌ಎಫ್ ಫೈಲ್‌ಗಳನ್ನು ಶೆಲ್‌ಗಾಗಿ ಕಂಪೈಲ್ ಮಾಡುವಾಗ ಒಂದು ಮ್ಯಾಕ್ರೋ ಮೇನ್ ಫಂಕ್ಷನ್‌ನ ಹೆಸರನ್ನು ಬದಲಿಸುತ್ತದೆ, ಜತೆಗೆ ಒಂದು ಹೆಡರ್ ಫೈಲ್ ಅದರ ಪ್ರಿಂಟ್ ಕರೆಗಳನ್ನು ಶೆಲ್‌ನ ಔಟ್‌ಪುಟ್ ಕಡೆಗೆ ತಿರುಗಿಸುತ್ತದೆ. ಸ್ಟ್ಯಾಟಿಕ್ ವೇರಿಯಬಲ್‌ಗಳ ಮೇಲೆ ಮಾತ್ರ ಜಾಸ್ತಿ ಕಣ್ಣಿಡಿ, ಹಿಂದಿನ ಕರೆಯ ಬೆಲೆ ಅವುಗಳಲ್ಲಿ ಉಳಿದಿರುತ್ತದೆ.

ಪ್ರಶ್ನೆ: ನಮ್ಮ ಹಳೆಯ ಶೆಲ್ಲನ್ನು ರಸ್ಟ್ ಭಾಷೆಗೆ ಬದಲಿಸುವ ಯೋಚನೆ ಇದೆ. ಎಲ್ಲಿಂದ ಶುರು ಮಾಡೋದು?
— ಓದುಗರು, ಮಂಗಳೂರು

ಉತ್ತರ: ಬಿಲ್ಟ್‌ಇನ್‌ಗಳಿಂದಲೇ. ಫಿಶ್ ಶೆಲ್ ಸಿ ಪ್ಲಸ್ ಪ್ಲಸ್‌ನಿಂದ ರಸ್ಟ್‌ಗೆ ಬಂದಾಗ ಹಳೆಯ ಕೋಡ್, ಹೊಸ ಕೋಡ್ ಎರಡನ್ನೂ ಒಂದೇ ಪ್ರೋಗ್ರಾಮ್‌ನಲ್ಲಿ ಲಿಂಕ್ ಮಾಡಿಕೊಂಡು ಭಾಗ ಭಾಗವಾಗಿ ಸಾಗಿಸಿದರು, ಬಿಲ್ಟ್‌ಇನ್‌ಗಳೂ ಹೀಗೆ ಒಂದೊಂದಾಗಿ ದಾಟಿದವು. ಕೆಲಸ 2023ರಲ್ಲಿ ಶುರುವಾಯಿತು, 4.0 ಆವೃತ್ತಿ 2025ರ ಫೆಬ್ರವರಿಯಲ್ಲಿ ಹೊರಬಂತು. ಅವರಿಗೆ ಇದು ಸಾಧ್ಯವಾಗಿದ್ದು ಪ್ರತಿ ಬಿಲ್ಟ್‌ಇನ್‌ಗೂ ಆರ್ಗ್ಯುಮೆಂಟ್‌ಗಳು, ಪಾರ್ಸರ್, ಇನ್‌ಪುಟ್-ಔಟ್‌ಪುಟ್ ಸ್ಟ್ರೀಮ್‌ಗಳು ಅನ್ನುವ ಒಂದೇ ಅಚ್ಚು ಮೊದಲೇ ಇದ್ದಿದ್ದರಿಂದ. ನಿಮ್ಮ ಶೆಲ್‌ನಲ್ಲಿ ಅದು ಇಲ್ಲದಿದ್ದರೆ ಮೊದಲು ಹಳೆಯ ಭಾಷೆಯಲ್ಲೇ ಆ ಅಚ್ಚಿಗೆ ತನ್ನಿ. ಜತೆಗೆ ಕೋಡ್ ಪರೀಕ್ಷಿಸುವ ಟೆಸ್ಟ್‌ಗಳನ್ನು ಬರೆಯಿರಿ. ಬ್ಯಾಶ್‌ನ ಟೆಸ್ಟ್ ಫೋಲ್ಡರ್‌ನಲ್ಲಿ ಸ್ಕ್ರಿಪ್ಟ್ ಒಂದು, ಅದರ ಸರಿಯಾದ ಔಟ್‌ಪುಟ್ ಇರುವ ಫೈಲ್ ಇನ್ನೊಂದು, ಸ್ಕ್ರಿಪ್ಟ್ ಕೊಟ್ಟ ಔಟ್‌ಪುಟ್ಟನ್ನು ಆ ಫೈಲ್ ಜತೆ ಡಿಫ್ ಹಾಕಿ (ಸಾಲು ಸಾಲಾಗಿ ಹೋಲಿಸಿ) ನೋಡುತ್ತಾರೆ. ನೀವೂ ಇವತ್ತಿನ ಶೆಲ್ ಕೊಡುವ ಔಟ್‌ಪುಟ್, ಎರರ್ ಸಾಲು, ಸ್ಟೇಟಸ್ ನಂಬರ್ ಮೂರನ್ನೂ ಹೀಗೆ ಹಿಡಿದಿಟ್ಟುಕೊಂಡು, ಆಮೇಲೆ ಟ್ರೂ, ಎಕೋದಂಥ ಸಣ್ಣ ಕಮಾಂಡ್‌ಗಳಿಂದ ಶುರು ಮಾಡಿ. ರೀಡ್, ಟ್ರ್ಯಾಪ್ ಕೊನೆಗೆ ಇರಲಿ.